ನೋಡಲು ಸಿಕ್ಕಿದ್ದು, ಇಟ್ಟುಕೊಳ್ಳಲು ಸಿಕ್ಕಿದ್ದು

ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ತೋಟಕ್ಕೆ ತಗಲುವ ಕಜ್ಜಿ ರೋಗದ ಉಪಚಾರವನ್ನಾಗಲಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪಾಠವನ್ನಾಗಲಿ ವಿಡಿಯೊ ನೋಡಿ ಕಲಿಯುವವರಿಗೆ, ಸಿಗ್ನಲ್ ಸಿಗದ ತೋಟದ ವಸ್ತಿಯಲ್ಲೂ ಅದು ಕೈಗೆಟುಕಬೇಕೆಂಬ ಬಯಕೆ ಸಹಜವಾದುದು. ಆದರೆ ಅದಕ್ಕಾಗಿ ವಿಡಿಯೊ ಉಳಿಸಿಕೊಳ್ಳಲು ಬಳಸುವ ಬ್ರೌಸರ್ ಉಪಕರಣಗಳ ಕುರಿತ ಹಲವು ನಂಬಿಕೆಗಳು ತಪ್ಪಾಗಿವೆ.

ಒಮ್ಮೆ ಪೂರ್ತಿ ಓಡಿದ ವಿಡಿಯೊ ಫೋನಿನಲ್ಲೇ ಎಲ್ಲೋ ಅಡಗಿರುತ್ತದೆ, ಉಪಕರಣವು ಅದನ್ನು ಹೊರತೆಗೆಯುತ್ತದೆ ಅಷ್ಟೆ ಎಂಬುದು ಮೊದಲ ನಂಬಿಕೆ. ವಾಸ್ತವದಲ್ಲಿ ಸ್ಟ್ರೀಮಿಂಗ್, ಅಂದರೆ ಹರಿಯುತ್ತ ಬರುವ ಪ್ರಸಾರದಲ್ಲಿ, ವಿಡಿಯೊ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಅವುಗಳ ಕ್ರಮವನ್ನು ತಿಳಿಸುವ ಪಟ್ಟಿಯೊಂದನ್ನು ಅನುಸರಿಸಿ ಬ್ರೌಸರ್ ತುಣುಕುಗಳನ್ನು ತರಿಸಿಕೊಂಡು, ತೋರಿಸಿ, ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಚಿತ್ರ ಮತ್ತು ಧ್ವನಿ ಅನೇಕ ವೇಳೆ ಬೇರೆಬೇರೆಯಾಗಿ ಬರುವುದರಿಂದಲೇ, ಉಳಿಸಿಕೊಂಡ ಕಡತದಲ್ಲಿ ಕೆಲವೊಮ್ಮೆ ಬಾಯಿ ಆಡುತ್ತದೆ, ಮಾತು ಕೇಳಿಸುವುದಿಲ್ಲ. ಉಪಕರಣವು ಈ ತುಣುಕುಗಳನ್ನು ಬಹುಮಟ್ಟಿಗೆ ಹೊಸದಾಗಿ ತರಿಸಿ ಹೊಲಿಯುವುದರಿಂದ ಡೇಟಾ ಮತ್ತೆ ಖರ್ಚಾಗುತ್ತದೆ: ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬರುವ ಒಂದು ಗಂಟೆಯ ಪಾಠಕ್ಕೆ ಸುಮಾರು 450 ಎಂಬಿ ಬೇಕು, ಆದ್ದರಿಂದ ಉಳಿತಾಯವಾಗುವುದು ಅದೇ ಪಾಠವನ್ನು ಮತ್ತೆ ಮತ್ತೆ ನೋಡುವವರಿಗೆ ಮಾತ್ರ.

ಪುಕ್ಕಟೆ ನೋಡಬಹುದಾದುದನ್ನು ಪುಕ್ಕಟೆ ಹಂಚಬಹುದು ಎಂಬ ಎರಡನೆಯ ನಂಬಿಕೆ, ಬಸವಣ್ಣನ ಹೆಸರು ಹೊತ್ತ ಬಸವನಬಾಗೇವಾಡಿಯಂಥ ಊರಿನಲ್ಲಿ ವಿಶೇಷವಾಗಿ ವಿಚಾರಾರ್ಹ. 12ನೆಯ ಶತಮಾನದ ಬಸವಣ್ಣನ ವಚನಗಳು ಎಲ್ಲರ ಸ್ವತ್ತು. ಆದರೆ ಇಂದಿನ ಗಾಯಕರು ಅವನ್ನು ಹಾಡಿದ ಧ್ವನಿಮುದ್ರಣಕ್ಕೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ರಕ್ಷಣೆಯಿದೆ. ಅದೇ ಕಾಯ್ದೆಯ 52ನೆಯ ಕಲಮು ಸ್ವಂತ ಬಳಕೆ ಮತ್ತು ಸಂಶೋಧನೆಗೆ ನ್ಯಾಯಯುತ ಉಪಯೋಗದ ಅವಕಾಶ ನೀಡುತ್ತದೆ, ಆದರೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ಸ್ವಂತ ಬಳಕೆ ಎನ್ನಲಾಗದು. ಯೂಟ್ಯೂಬ್‌ನಂಥ ಜಾಲತಾಣಗಳ ಷರತ್ತುಗಳು ಅನುಮತಿಯಿಲ್ಲದ ಡೌನ್‌ಲೋಡನ್ನೇ ನಿಷೇಧಿಸುತ್ತವೆ. ತಂಬೂರಿ ಹಿಡಿದು ಹಾಡುವ ಕಲಾವಿದನಿಗೆ ಕೇಳುಗರ ಸಂಖ್ಯೆಯೇ ಗಳಿಕೆಯಾಗಿರುವಾಗ, ಕಡತವಾಗಿ ಕೈಯಿಂದ ಕೈಗೆ ದಾಟಿದ ಹಾಡು ಆ ಲೆಕ್ಕದಿಂದ ಜಾರಿಹೋಗುತ್ತದೆ ಎಂಬುದನ್ನು ಕಡೆಗಣಿಸಲಾಗದು.

ಎಲ್ಲಕ್ಕಿಂತ ಅಪಾಯಕಾರಿಯಾದುದು, ಉಪಕರಣವು ವಿಡಿಯೊವನ್ನಷ್ಟೇ ಮುಟ್ಟುತ್ತದೆ ಎಂಬ ನಂಬಿಕೆ. ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಜೋಡಿಸಿಕೊಳ್ಳುವ ಸಣ್ಣ ತಂತ್ರಾಂಶ, ಎಲ್ಲ ಜಾಲತಾಣಗಳಲ್ಲಿನ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿಯನ್ನು ಬೇಡಿದಾಗ ಒಪ್ಪಿಗೆ ಒತ್ತಿದರೆ, ಅದೇ ಬ್ರೌಸರಿನಲ್ಲಿ ತೆರೆಯುವ ಬ್ಯಾಂಕಿನ ಪುಟವೂ ಅದರ ಕಣ್ಣಳತೆಗೆ ಬರುತ್ತದೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಐಐಟಿ ಬಾಂಬೆಯಲ್ಲಿ ಆರಂಭವಾದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡದಲ್ಲೂ ಇದ್ದು, ಅವನ್ನು ಇಳಿಸಿಕೊಂಡು ಹಂಚಲು ಮುಕ್ತ ಪರವಾನಗಿಯೇ ಇದೆ; ಶಾಲಾ ಪಾಠಗಳಿಗೆ ದೀಕ್ಷಾ ಆ್ಯಪ್ ಇದೆ. ಯೂಟ್ಯೂಬ್ ಆ್ಯಪ್‌ನದೇ ಡೌನ್‌ಲೋಡ್ ಗುಂಡಿಯನ್ನು ಒತ್ತಿ ಉಳಿಸಿದ ವಿಡಿಯೊವನ್ನು ಗ್ಯಾಲರಿಯಲ್ಲಿ ಹುಡುಕಿ ಕಾಣದೆ ಅದು ಅಳಿದುಹೋಯಿತೆಂದು ಕೆಲವರು ಭಾವಿಸುವುದುಂಟು. ಅದು ಆ ಆ್ಯಪ್‌ನೊಳಗೆ ಮಾತ್ರ ತೆರೆಯುವಂತೆ ಬೀಗ ಹಾಕಿದ ರೂಪದಲ್ಲಿ ಇರುತ್ತದೆ, ಮತ್ತು ನಿಗದಿತ ಅವಧಿಯೊಳಗೆ ಫೋನು ಒಮ್ಮೆಯಾದರೂ ಇಂಟರ್‌ನೆಟ್ ಕಾಣದಿದ್ದರೆ ತೆರೆಯುವುದು ನಿಲ್ಲುತ್ತದೆ.