ಅಜ್ಜ ಬಿಟ್ಟುಹೋದ ವಿಮಾನ

ಮದ್ದೂರು ತಾಲೂಕಿನ ಶಿವಪುರದಲ್ಲಿ ಮಕ್ಕಳು ಉಸ್ತಾದರನ್ನು ಹಜರತ್ ಅನ್ನುತ್ತಾರೆ. ಒಬ್ಬ ಹುಡುಗ ಹಳೇ ರಟ್ಟಿನ ಪೆಟ್ಟಿಗೆ ತಂದ. "ಹಜರತ್, ಅಜ್ಜ ಬಾಲದ ಒಂದು ರೆಕ್ಕೆ ಅಂಟಿಸಿ ತೀರಿಕೊಂಡ್ರು. ಉಳಿದದ್ದು ಕೂರ್ತಾನೇ ಇಲ್ಲ, ಬಿಸಾಡ್ಲಾ?"

ಒಳಗಿದ್ದದ್ದು ನ್ಯಾಟ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ. 1965ರ ಯುದ್ಧದಲ್ಲಿ ಹೆಸರು ಮಾಡಿದ ಈ ಪುಟ್ಟ ವಿಮಾನ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗುತ್ತಿತ್ತು. ಅಜ್ಜ ಅಲ್ಲೇ ಕೆಲಸಕ್ಕಿದ್ದರಂತೆ.

ದೊಡ್ಡ ರೆಕ್ಕೆಯ ಬುಡದಲ್ಲಿ ಉಗುರು ತೂರುವಷ್ಟು ಸಂದು. ನಾವು ಬಲವಂತ ಮಾಡಲಿಲ್ಲ. ಭಾಗಗಳನ್ನು ಸೋಪಿನ ನೀರಲ್ಲಿ ತೊಳೆದೆವು. ಅಂಟು ಹಚ್ಚುವ ಮೊದಲೇ ಜೋಡಿಸಿ ನೋಡಿ, ಅಡ್ಡ ಬಂದಲ್ಲಿ ಉಜ್ಜಿದೆವು. ಉಳಿದ ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಿಡಿದೆವು. ಬಾಲ ನೆಲಕ್ಕೆ ಕೂರದಿರಲೆಂದು ಮೂಗಿನೊಳಗೆ ಗಾಳದ ಸೀಸದ ಗುಂಡು ಇಟ್ಟೆವು. ಮೇಲೆ ಬೆಳ್ಳಿ ಬಣ್ಣ, ತೆಳ್ಳಗೆ ಎರಡು ಸಲ.

ನೆನೆಸಿ ಅಂಟಿಸುವ ಹಳೇ ಸ್ಟಿಕ್ಕರ್ ನೀರಿಗೆ ಬಿದ್ದದ್ದೇ ಚೂರಾಯಿತು. ಹುಡುಗನೇ ಕುಂಚ ಹಿಡಿದು ಕೇಸರಿ, ಬಿಳಿ, ಹಸಿರಿನ ವೃತ್ತ ಬರೆದ. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಊರಿದು. ಆ ಬಣ್ಣಗಳನ್ನು ಅವನಿಗೆ ಹೇಳಿಕೊಡಬೇಕಿರಲಿಲ್ಲ.

ಬಾಲದಲ್ಲಿ ಒಂದು ಸಂದು ಈಗಲೂ ಕಾಣುತ್ತದೆ. ತುಂಬಬಾರದಿತ್ತಾ ಎಂದು ಕೇಳಿದೆ.

"ಅದು ಅಜ್ಜ ಅಂಟಿಸಿದ್ದು ಹಜರತ್. ಹಾಗೇ ಇರ್ಲಿ."