ಬಂದು ಹೋಗುವ ನಡುಕ

ರಾಜಾಜಿನಗರದ ಕಾರ್ಖಾನೆಗಳಿಗೆ ಸರಕು ತರುವ ಹಳೆಯ ಪಿಕಪ್ ಒಂದು ಗಂಟೆಗೆ 60 ಕಿ.ಮೀ. ವೇಗ ಮುಟ್ಟಿದೊಡನೆ ನಡುಗುತ್ತದೆ, ಗ್ಯಾರೇಜಿನಲ್ಲಿ ಮಾತ್ರ ತೆಪ್ಪಗಿರುತ್ತದೆ ಎನ್ನಿ. ಬಿಡಿಭಾಗ ಬದಲಿಸುವ ಮುನ್ನ ಲೆಕ್ಕ ಹಾಕೋಣ.

ಚಕ್ರದ ಸುತ್ತಳತೆ 2 ಮೀಟರ್ ಆದರೆ ಆ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್‌ನ ಅನುಪಾತ 4 ಎಂದುಕೊಂಡರೆ ಪ್ರೊಪೆಲ್ಲರ್ ಶಾಫ್ಟ್ 33 ಸುತ್ತು. ಅದರ ಯೂನಿವರ್ಸಲ್ ಜಾಯಿಂಟ್, ಗ್ಯಾರೇಜಿನವರ 'ಕ್ರಾಸ್', ಕೋನದಲ್ಲಿ ತಿರುಗುವಾಗ ಪ್ರತಿ ಸುತ್ತಿಗೂ ಎರಡು ಬಾರಿ ವೇಗ ಏರಿಳಿಯುತ್ತದೆ: 66 ಹರ್ಟ್ಸ್. ಆದ್ದರಿಂದ ಸ್ಟಿಯರಿಂಗ್ ನಿಧಾನವಾಗಿ ಅದುರಿದರೆ ಟೈರು ನೋಡಿ. ಕಾಲಡಿಯಿಂದ ಗುಂಯ್ ಎಂದರೆ ಶಾಫ್ಟು.

ಖಾಲಿ ರಸ್ತೆಯಲ್ಲಿ, ಎಂಜಿನ್ ಆರಿಸದೆ, ನ್ಯೂಟ್ರಲ್‌ಗೆ ತಂದಾಗಲೂ ನಡುಕ ಉಳಿದರೆ ಎಂಜಿನ್ ನಿರಪರಾಧಿ. ನಿಂತರೆ? ಆತುರದ ತೀರ್ಪು ಬೇಡ. ಸವೆದ ಕ್ರಾಸ್ ಭಾರ ಬಿದ್ದಾಗಷ್ಟೇ ಬಾಯಿ ಬಿಡುವುದುಂಟು. ಎಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ಅಲುಗಿಸಿ ನೋಡಿ. ಕ್ರಾಸ್ ಮುರಿದರೆ ಶಾಫ್ಟ್ ರಸ್ತೆಗೇ ಬೀಳುತ್ತದೆ.