ಕಾರ್ಯಾಲಯದ ಪ್ರಿಂಟರಿಗೆ ತಂತಿಯಿಲ್ಲದ ಸಂಪರ್ಕ

ಕಾಯಕ ಯಾವುದೇ ಇರಲಿ, ಅದರ ಸಾಧನವನ್ನು ಅರಿತು ಬಳಸಬೇಕೆಂಬುದು ಶರಣಪರಂಪರೆಯಲ್ಲಿ ಬಾಳುವವರಿಗೆ ಹೊಸ ಮಾತಲ್ಲ. ಇಂದು ಸಂಘದ ಕಾರ್ಯಾಲಯ, ಪ್ರಸಾದನಿಲಯ, ಪತ್ತಿನ ಸಹಕಾರಿ ಸಂಘ, ಶಾಲೆಗಳಲ್ಲಿ ಪ್ರಿಂಟರ್ ನಿತ್ಯದ ಸಾಧನವಾಗಿದೆ. ದಾಸೋಹದ ರಸೀದಿ, ವಿದ್ಯಾರ್ಥಿಗಳ ಅರ್ಜಿ, ವಧೂವರರ ವಿವರ, ಸಾಲದ ಪತ್ರ ಎಲ್ಲವೂ ಅದರಿಂದಲೇ ಹೊರಬರುತ್ತವೆ. ಇವು ಜನರು ನಮ್ಮನ್ನು ನಂಬಿ ಒಪ್ಪಿಸಿದ ಸಂಗತಿಗಳು. ಆದುದರಿಂದ ನಿಸ್ತಂತು ಸಂಪರ್ಕವನ್ನು ಆಯುವಾಗ ಅನುಕೂಲದೊಡನೆ ಈ ನಂಬಿಕೆಯನ್ನು ಕಾಯುವ ಹೊಣೆಯನ್ನೂ ನಾವು ನೆನೆಯಬೇಕು.

ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು ರೂಟರಿನ ಮೂಲಕ ವೈ-ಫೈ. ಪ್ರಿಂಟರನ್ನೂ ಗಣಕಯಂತ್ರಗಳನ್ನೂ ಒಂದೇ ಜಾಲಕ್ಕೆ ಸೇರಿಸಿದರೆ ಹಲವರು ತಮ್ಮ ತಮ್ಮ ಸ್ಥಳದಿಂದಲೇ ಮುದ್ರಿಸಬಹುದು. ನಾಲ್ಕಾರು ಜನ ದುಡಿಯುವ ಕಾರ್ಯಾಲಯಕ್ಕೆ ಇದೇ ಯೋಗ್ಯ. ಅನೇಕ ಪ್ರಿಂಟರುಗಳು ೨.೪ ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಗ್ರಹಿಸುತ್ತವೆ. ೫ ಗಿಗಾಹರ್ಟ್ಸ್ ತರಂಗಕ್ಕೆ ವೇಗ ಹೆಚ್ಚು, ಗೋಡೆಗಳನ್ನು ದಾಟುವ ಶಕ್ತಿ ಕಡಿಮೆ. ಕೊಳ್ಳುವಾಗಲೇ ಇದನ್ನು ವಿಚಾರಿಸುವುದು ಲೇಸು.

ಎರಡನೆಯದು ವೈ-ಫೈ ಡೈರೆಕ್ಟ್. ೨೦೧೦ರಲ್ಲಿ ಪ್ರಮಾಣೀಕರಣ ಆರಂಭವಾದ ಈ ಪದ್ಧತಿಗೆ ರೂಟರ್ ಬೇಕಿಲ್ಲ; ಮೊಬೈಲ್ ನೇರವಾಗಿ ಪ್ರಿಂಟರಿಗೆ ಸೇರುತ್ತದೆ. ಶಿಬಿರ, ಜಾತ್ರೆಗಳಂಥ ತಾತ್ಕಾಲಿಕ ಕಾರ್ಯಗಳಿಗೆ ಇದು ಒಪ್ಪುತ್ತದೆ.

ಮೂರನೆಯದು ಬ್ಲೂಟೂತ್. ಇದರ ವ್ಯಾಪ್ತಿ ಸಾಮಾನ್ಯವಾಗಿ ಸುಮಾರು ೧೦ ಮೀಟರ್, ವೇಗವೂ ಕಡಿಮೆ. ಕೈಯಲ್ಲಿ ಹಿಡಿಯುವ ಚಿಕ್ಕ ರಸೀದಿ ಯಂತ್ರಕ್ಕೆ ಇಷ್ಟು ಸಾಕು.

ಹಳೆಯ ಪ್ರಿಂಟರಿನಲ್ಲಿ ವೈ-ಫೈ ಇಲ್ಲವೆಂದು ಹೊಸದನ್ನು ಕೊಳ್ಳಲು ಆತುರಪಡಬೇಕಾಗಿಲ್ಲ. ಅದನ್ನು ಒಂದು ಗಣಕಯಂತ್ರಕ್ಕೆ ತಂತಿಯಿಂದ ಜೋಡಿಸಿ, ಜಾಲದ ಇತರರೊಡನೆ ಹಂಚಿಕೊಳ್ಳಲು ಅವಕಾಶವಿದೆ. ಆ ಗಣಕಯಂತ್ರ ಚಾಲನೆಯಲ್ಲಿರಬೇಕು, ಅಷ್ಟೆ. ಭಕ್ತರ ಕಾಣಿಕೆಯಿಂದ ನಡೆಯುವ ಸಂಸ್ಥೆಗಳು ಇದನ್ನು ಮೊದಲು ಯೋಚಿಸಬೇಕು.

ವಿದ್ಯುತ್ ಹೋಗಿ ಬಂದ ಮೇಲೆ ಪ್ರಿಂಟರ್ ಆಫ್‌ಲೈನ್ ಎಂದು ತೋರುವುದು ಅನೇಕರ ದೂರು. ರೂಟರ್ ಪ್ರಿಂಟರಿಗೆ ಹೊಸ ವಿಳಾಸವನ್ನು ಕೊಟ್ಟಿದ್ದು, ಗಣಕಯಂತ್ರ ಹಳೆಯ ವಿಳಾಸದಲ್ಲಿ ಹುಡುಕುತ್ತಿರುವುದು ಇದಕ್ಕೊಂದು ಕಾರಣ. ರೂಟರಿನಲ್ಲಿ ಪ್ರಿಂಟರಿಗೆ ಒಂದು ಸ್ಥಿರ ವಿಳಾಸವನ್ನು ಕಾದಿರಿಸಿದರೆ ಈ ತೊಡಕು ನೀಗುತ್ತದೆ.

ಇನ್ನು ರಕ್ಷಣೆಯ ಮಾತು. ತಯಾರಕರು ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಡಬ್ಲ್ಯುಪಿಎ-೨ ಅಥವಾ ೨೦೧೮ರಲ್ಲಿ ಬಂದ ಡಬ್ಲ್ಯುಪಿಎ-೩ ರಕ್ಷಣೆಯನ್ನು ಆರಿಸಿಕೊಳ್ಳಬೇಕು. ಬಂದವರಿಗೆಲ್ಲ ಕಾರ್ಯಾಲಯದ ಗುಪ್ತಪದವನ್ನು ಹೇಳುವುದು ಸಲ್ಲದು. ರೂಟರಿನಲ್ಲಿ ಅತಿಥಿಗಳಿಗೆಂದು ಬೇರೆ ಜಾಲವನ್ನು ತೆರೆದಿಡಬಹುದು. ಬಳಸದ ವೈ-ಫೈ ಡೈರೆಕ್ಟನ್ನು ಮುಚ್ಚಿಡಬೇಕು. ಪ್ರಿಂಟರಿನ ತಟ್ಟೆಯಲ್ಲಿ ಮುದ್ರಿತ ಕಾಗದ ಉಳಿಯದಂತೆಯೂ ನೋಡಿಕೊಳ್ಳಬೇಕು. ಗುಟ್ಟು ಹೊರಬೀಳುವುದು ತರಂಗದಿಂದ ಮಾತ್ರವಲ್ಲ.

ತಂತಿ ಇಲ್ಲವಾದರೂ ಹೊಣೆ ಇಲ್ಲವಾಗುವುದಿಲ್ಲ. ಬಡ ವಿದ್ಯಾರ್ಥಿಯ ಅರ್ಜಿಯೂ ದಾನಿಯ ರಸೀದಿಯೂ ಸಮಾನ ಎಚ್ಚರದಿಂದ ಮುದ್ರಿತವಾದಾಗ ಕಾರ್ಯಾಲಯದ ಕೆಲಸವೂ ಕಾಯಕವೆನಿಸುತ್ತದೆ.